ಉಸ್ಸಳ್ಳಿಯ ಕೂಗು

ಸೆಪ್ಟೆಂಬರ್ 7, ಶನಿವಾರ

ಗಣೇಶನ ಹಬ್ಬದ ದಿನ ಜಗಳ ಆಡಬಾರದು ಎನ್ನುತ್ತಾರೆ. ಆಡಿದ್ದಾಯಿತು. ಶುರು ಮಾಡಿದ್ದು ಮಾತ್ರ ನಾನಲ್ಲ.

ಗಾರ್ಗಿ ಬೆಳಿಗ್ಗೆಯೇ ಇಲ್ಫರ್ಡ್‌ನ ತನ್ನ ಮನೆಯಿಂದ ಬಂದಿದ್ದಳು. ಮಂಗಳಾರತಿ ಮುಗಿದು, ಅವಳಮ್ಮ ಕಡುಬು ಬಡಿಸುತ್ತಿದ್ದಾಗ, ಮಗಳ ಕಣ್ಣು ಸೋಫಾದ ಮೇಲಿದ್ದ ನನ್ನ ಪುಸ್ತಕದ ಕರಡು ಪ್ರತಿಯ ಮೇಲೆ ಬಿತ್ತು. "ಪ್ರಿನ್ಸ್ ಗೆಬ್‌ಹಾರ್ಡ್ ಆಫ್ ವಾಲ್ಡೆನಾವ್: ಜೀವನ ಮತ್ತು ಸೈನಿಕ ವೃತ್ತಿ." ಕೆಳಗೆ ನನ್ನ ಹೆಸರು. ಅದನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದಳು, ಸತ್ತ ಇಲಿಯನ್ನು ಹಿಡಿದ ಹಾಗೆ.

"ಅಪ್ಪಾ, ಹಿ ಕೇಮ್ ಟು ಮೈಸೂರ್ ಟು ಕಿಲ್ ಯುವರ್ ಪೀಪಲ್. ಆ್ಯಂಡ್ ಯೂ ಆರ್ ಹಿಸ್ ಫ್ಯಾನ್!"

"ಕಡುಬು ಆರತ್ತೆ, ತಿನ್ನು," ಎಂದೆ.

"ಗೆಬ್ಬಾರ್ಡಪ್ಪಗೂ ಒಂದು ಎಲಿ ಹಾಕ್ಲೇನ್ರಿ?" ಎಂದಳು ಕಲ್ಯಾಣಿ. ಅವಳು ಧಾರವಾಡದವಳು. ಇಲ್ಲಿ ಇಂಗ್ಲೆಂಡಿನ ಆಸ್ಪತ್ರೆಯ ಫಾರ್ಮಸಿಯಲ್ಲಿ ಮೂವತ್ತು ವರ್ಷ ಕೆಲಸ ಮಾಡಿ ನಿವೃತ್ತಳಾದರೂ ನಾಲಿಗೆ ಸಾಧನಕೇರಿ ಬಿಟ್ಟು ಬಂದಿಲ್ಲ. ನನ್ನ ರಾಜಕುಮಾರರನ್ನು ಅವಳು ಸವತಿ ಎಂದೂ ಕರೆಯುತ್ತಾಳೆ.

ತಾಯಿ ಮಗಳಿಬ್ಬರೂ ನಕ್ಕರು. ನಾನು ಏರಿದ ಸ್ವರದಲ್ಲಿ ಒಂದಷ್ಟು ಅಂದೆ. ಅಂದದ್ದರಲ್ಲಿ ತಪ್ಪೇನಿಲ್ಲ. ಪ್ರಿನ್ಸ್ ಗೆಬ್‌ಹಾರ್ಡ್ ಅವರು ಒಂದು ಪುಟ್ಟ ಜರ್ಮನ್ ಅರಸುಮನೆಯ ಮೂರನೆಯ ಮಗ. ಮೂರನೆಯವನಿಗೆ ಸಿಂಹಾಸನವೂ ಇಲ್ಲ, ಜಮೀನೂ ಇಲ್ಲ. ಹದಿನೇಳನೆಯ ವಯಸ್ಸಿಗೆ ಮನೆ ಬಿಟ್ಟು, ಇಂಗ್ಲೆಂಡಿನ ದೊರೆಯ ಸಂಬಳದ ಹ್ಯಾನೋವರ್ ಎಂಬ ಜರ್ಮನ್ ಪಡೆ ಸೇರಿ, ಮದರಾಸಿಗೆ ಹೋದರು, ಮೈಸೂರಿನ ಮೂರನೆಯ ಯುದ್ಧದಲ್ಲಿ ಕಾದಿದರು, ಫ್ಲಾಂಡರ್ಸ್‌ನಲ್ಲಿ ಎರಡು ಬೆರಳು ಕಳೆದುಕೊಂಡರು, ಜನರಲ್ ಆದರು, ನಮ್ಮ ಹೌನ್ಸ್ಲೋ ಬಯಲಿನಲ್ಲಿ ಕುದುರೆ ಪಡೆಗಳಿಗೆ ಶಿಕ್ಷಣ ಕೊಟ್ಟರು. ಮದುವೆಯಾಗಲಿಲ್ಲ. ಪರದೇಶದ ಮಣ್ಣಿನಲ್ಲೇ ಮಲಗಿದರು. ಹೊರಗಿನಿಂದ ಬಂದು, ಒಳಗಿನವರಿಗಿಂತ ಚೆನ್ನಾಗಿ ಕೆಲಸ ಮಾಡಿ, ಕೊನೆಯವರೆಗೂ ಹೊರಗಿನವರಾಗಿಯೇ ಉಳಿದ ಮನುಷ್ಯ. ಅವರ ಕಷ್ಟ ನನಗೆ ಗೊತ್ತಾದಷ್ಟು ಇನ್ಯಾರಿಗೆ ಗೊತ್ತಾಗಬೇಕು? ಮೂಳೆ ಕೂಡಿಸುವ ಡಾಕ್ಟರಾಗಿ ಈ ದೇಶದಲ್ಲಿ ನಾನು ಕಳೆದದ್ದು ಅಂಥದೇ ಬದುಕು.

ಗಾರ್ಗಿ ಮೂರು ಗಂಟೆಗೇ ಹೊರಟುಬಿಟ್ಟಳು. ಹೋಗಲಿ. ಯಾರ ಬಗ್ಗೆ ಬರೆಯಬೇಕೆಂದು ಮಗಳನ್ನು ಕೇಳಿ ಬರೆಯುವ ಕಾಲ ನನಗಿನ್ನೂ ಬಂದಿಲ್ಲ.

ಸೆಪ್ಟೆಂಬರ್ 12, ಗುರುವಾರ

ಫೆಲ್ಥಮ್ ಹತ್ತಿರದ ಸೇಂಟ್ ಆಸ್ವಿನ್ ಚರ್ಚಿಗೆ ಹೋಗಿದ್ದೆ. ಅಲ್ಲಿನ ಇತಿಹಾಸ ಸಂಘದ ಕಾರ್ಯದರ್ಶಿ ರೋಜರ್ ಮೊದಲೇ ಬಂದು ಅಳತೆ ಟೇಪು ಹಿಡಿದು ನಿಂತಿದ್ದರು. ಶಾಲೆಯಲ್ಲಿ ಭೂಗೋಳ ಕಲಿಸುತ್ತಿದ್ದವರು, ಸಜ್ಜನರು, ಉದಯ ಎಂಬ ನನ್ನನ್ನು ಇಪ್ಪತ್ತು ವರ್ಷದಿಂದ "ಯೂಡೇ" ಎಂದೇ ಕರೆಯುವವರು. ಕರೆಯಲಿ. ಆಪರೇಷನ್ ಥಿಯೇಟರಿನಲ್ಲಿ ಇದಕ್ಕಿಂತ ವಿಚಿತ್ರವಾಗಿ ಕರೆಯುತ್ತಿದ್ದರು.

ಗೋಡೆಯ ಮೇಲೆ, ತಲೆಯೆತ್ತಿ ನೋಡಬೇಕಾದ ಎತ್ತರದಲ್ಲಿ, ಪ್ರಿನ್ಸ್ ಅವರ ಸ್ಮಾರಕದ ಅಮೃತಶಿಲೆ ಇದೆ. ಅಕ್ಷರ ಸವೆದು ಓದಲು ಕಷ್ಟ. ಅದಕ್ಕೇ ಕೆಳಗೆ, ಕಣ್ಣಿನ ಮಟ್ಟಕ್ಕೆ, ಹೊಸ ಫಲಕ ಹಾಕುತ್ತಿದ್ದಾರೆ. ಅದರ ಬರಹ ನನ್ನದು. ಅಕ್ಟೋಬರ್ ಹತ್ತೊಂಬತ್ತಕ್ಕೆ, ಪ್ರಿನ್ಸ್ ಅವರ ಪುಣ್ಯತಿಥಿಯಂದು ಅನಾವರಣ. ಆ ದಿನ ಕಲ್ಲಿನ ಬರಹವನ್ನು ಮೊದಲಿನಿಂದ ಕೊನೆಯವರೆಗೆ ಗಟ್ಟಿಯಾಗಿ ಓದುವುದು ಅಲ್ಲಿನ ವಾಡಿಕೆ. ಪ್ರತಿವರ್ಷ ರೋಜರ್ ಓದುತ್ತಿದ್ದರು, ಈ ಸಲ ನನಗೆ ಬಿಟ್ಟುಕೊಟ್ಟಿದ್ದಾರೆ. ಓದಿ, ಭಾಷಣ ಮಾಡಿ, ಸಂಘವೇ ಅಚ್ಚು ಹಾಕಿಸುತ್ತಿರುವ ನನ್ನ ಪುಸ್ತಕದ ಬಿಡುಗಡೆ.

ಕಲ್ಲಿನ ಬರಹದಲ್ಲಿ ನನಗೆ ಎಂದೆಂದೂ ರೋಮಾಂಚನವಾಗುವ ಭಾಗ ಮೈಸೂರು ಸೀಮೆಯದು. ಉಸ್ಸಳ್ಳಿ ಎಂಬ ಊರಿನಲ್ಲಿ ನಸುಕಿನ ಹೊತ್ತು, ಒಬ್ಬಳು ಹಳ್ಳಿ ಹೆಂಗಸು ಬೇಡರು, ಬೇಡರು ಎಂದು ಕೂಗಿ ಪ್ರಿನ್ಸ್ ಅವರನ್ನು ಎಚ್ಚರಿಸಿದಳು. ಮೈಸೂರು ಸೈನ್ಯದ ಬೇಡರ ಪಡೆ ಎಂದರೆ ಗುರಿ ತಪ್ಪದ ಬಂದೂಕಿನವರು. ಪ್ರಿನ್ಸ್ ಅವರು ಒಂದು ಕ್ಷಣವೂ ತಡಮಾಡದೆ, ಅರವತ್ತು ಜನರೊಂದಿಗೆ, ಕಣಜದಲ್ಲಿ ಅಡಗಿದ್ದ ಶತ್ರುಗಳ ಮೇಲೆರಗಿ ಒಬ್ಬರನ್ನೂ ಉಳಿಸದೆ ಕತ್ತಿಗೆ ಕೊಟ್ಟರು. ತಮ್ಮ ಕಡೆ ಒಬ್ಬನನ್ನೂ ಕಳೆದುಕೊಳ್ಳಲಿಲ್ಲ. ಆಗ ಅವರಿಗೆ ಇಪ್ಪತ್ತೆರಡು ವರ್ಷ. ಅಲ್ಲಿಂದಲೇ ಅವರ ಹೆಸರು ಮೇಲೆ ಬಂದದ್ದು. ನನ್ನ ಪುಸ್ತಕದಲ್ಲಿ ಇದಕ್ಕೇ ಒಂದು ಅಧ್ಯಾಯವಿದೆ.

ತಲೆಯ ಮೇಲೆ ಹೀಥ್ರೋ ವಿಮಾನಗಳು ಒಂದರ ಹಿಂದೆ ಒಂದು ಇಳಿಯುತ್ತಿದ್ದವು. ಬೆಂಗಳೂರಿನದೂ ಒಂದಿರಬೇಕು.

ಸೆಪ್ಟೆಂಬರ್ 15, ಭಾನುವಾರ

ಅಡುಗೆಮನೆಯಲ್ಲಿ ಫ್ರಿಜ್ಜನ್ನೇ ಸಭೆ ಎಂದುಕೊಂಡು ಓದಿ ಅಭ್ಯಾಸ ಮಾಡುತ್ತಿದ್ದೆ. ಕಲ್ಯಾಣಿ ಮೆಂತ್ಯ ಸೊಪ್ಪು ಬಿಡಿಸುತ್ತಿದ್ದಳು. ಕೇಳುವವರು ಇಂಗ್ಲಿಷಿನವರಾದ್ದರಿಂದ ರೋಜರ್ ಅವರ ಉಚ್ಚಾರವನ್ನೇ ಇಟ್ಟುಕೊಂಡು "ಬೀಡಾ! ಬೀಡಾ!" ಎಂದು ದನಿ ಎತ್ತಿದೆ.

ಕಲ್ಯಾಣಿ ಕಿಸಕ್ಕನೆ ನಕ್ಕಳು. "ಯುದ್ಧದಾಗ ಬೀಡಾ ಕೇಳಿದ್ಲೇನ್ರಿ ಆಕಿ? ಸುಣ್ಣ ಅಡಿಕಿ ಮುಗದಿದ್ವೇನು?"

"ಬೀಡಾ ಅಲ್ಲ ಕಣೇ. ಅವರ ಬಾಯಲ್ಲಿ ಹಾಗಾಗತ್ತೆ. ಬೇಡರು. ಬೇಡರ ಪಡೆ."

"ಕಲ್ಲಿನ ಮ್ಯಾಲೆ ಬೇಡರು ಅಂತ ಬರದಾರೇನು?"

"ಬೇಡ ಅಂತಿದೆ. ಬೇಡ, ಬೇಡ."

ಸೊಪ್ಪು ಬಿಡಿಸುತ್ತಿದ್ದ ಕೈ ನಿಂತಿತು. "ಇನ್ನೊಮ್ಮೆ ಅನ್ರಿ."

"ಬೇಡ, ಬೇಡ."

"ಅಯ್ಯ, ಬ್ಯಾಡ ಅಂದಾಳಲ್ರಿ ಆಕಿ! ಹೊಡೀಬ್ಯಾಡ್ರಿ ಅಂದಾಳ!"

ಅವಳ ಮುಖ ನೋಡಿದೆ. ತಮಾಷೆ ಮಾಡುತ್ತಿರಲಿಲ್ಲ. ನನಗೆ ತಡೆಯಲಾರದ ಸಿಟ್ಟು ಬಂತು. ಯುದ್ಧದ ಇತಿಹಾಸ ಬರೆಯುವುದೆಂದರೆ ಮೆಂತ್ಯ ಸೊಪ್ಪು ಬಿಡಿಸಿದಂತಲ್ಲ ಎಂದೆ. ಜರ್ಮನ್ ಪಡೆಯ ಚರಿತ್ರೆಯಲ್ಲಿ ಅಡಿಟಿಪ್ಪಣಿ ಇದೆ, "ಬೇಡ, ಒಂದು ಯೋಧ ಜಾತಿ" ಎಂದು ಸ್ಪಷ್ಟವಾಗಿ ಬರೆದಿದ್ದಾರೆ ಎಂದೆ.

"ನನಗ ಇತಿಹಾಸ ಗೊತ್ತಿಲ್ರಿ, ಖರೇ," ಎಂದಳು. "ಬ್ಯಾಡ ಅಂದ್ರ ಏನಂತ ಗೊತ್ತದ."

ಸೊಪ್ಪಿನ ತಟ್ಟೆ ಎತ್ತಿಕೊಂಡು ಹಿತ್ತಲಿಗೆ ಹೋಗಿ ಕೂತಳು.

ಸೆಪ್ಟೆಂಬರ್ 16, ಸೋಮವಾರ

ಮೂರ್ಖತನ. ಇಂಥದ್ದಕ್ಕೆಲ್ಲ ತಲೆ ಕೆಡಿಸಿಕೊಂಡರೆ ಪುಸ್ತಕ ಆದ ಹಾಗೇ.

ಸೆಪ್ಟೆಂಬರ್ 19, ಗುರುವಾರ

ಕಲ್ಯಾಣಿಯ ಮಾತು ಸುಳ್ಳೆಂದು ತೋರಿಸಲು ಮೂರು ದಿನದಿಂದ ಕೂತಿದ್ದೇನೆ. ಅವಳ ಬಾಯಿ ಮುಚ್ಚಿಸುವ ಒಂದು ಸಾಲು ಸಿಕ್ಕರೆ ಸಾಕು ಎಂದುಕೊಂಡು ಕೂತವನು.

ನನ್ನ ಅಧ್ಯಾಯವನ್ನೇ ತೆರೆದೆ. ಹಳ್ಳಿ ಹೆಂಗಸು ಪ್ರಿನ್ಸ್ ಅವರನ್ನು ಏಕೆ ಎಚ್ಚರಿಸಿದಳು? "ಸ್ಥಳೀಯರು ಅವರನ್ನು ಪ್ರೀತಿಸುತ್ತಿದ್ದರು ಎಂಬುದಕ್ಕೆ ಇದೇ ಸಾಕ್ಷಿ" ಎಂದು ಬರೆದಿದ್ದೇನೆ. ನಾನೇ ಬರೆದದ್ದು. ಮೈಸೂರು ಸೀಮೆಯ ಹೆಂಗಸು, ತನ್ನ ಊರಿನ ಮೇಲೆ ಏರಿ ಬಂದ ಪರದೇಶಿ ದಂಡಿಗೆ, ತನ್ನ ಕಡೆಯ ಬಂದೂಕಿನವರು ಎಲ್ಲಿದ್ದಾರೆಂದು ಕೂಗಿ ಹೇಳಿದಳಂತೆ, ಪ್ರೀತಿಯಿಂದ. ಮೂರನೆಯ ಕ್ಲಾಸಿನ ಹುಡುಗನೂ ಏಕೆ ಎಂದು ಕೇಳುತ್ತಿದ್ದ.

ಆಮೇಲೆ ಕಣಜ. ಬಾಗಿಲು ಒಂದೇ, ಕಿರಿದು. ಒಳಗೆ ಗುರಿ ತಪ್ಪದ ಬಂದೂಕಿನವರು ಕಾದಿದ್ದರೆ ಮೊದಲು ನುಗ್ಗಿದವನು ಹೊಸ್ತಿಲಲ್ಲೇ ಬೀಳಬೇಕು. ಗುಂಡು ಹೊಕ್ಕ ಮೂಳೆ ಹೇಗಿರುತ್ತದೆಂದು ನನಗೆ ಗೊತ್ತು. ಅರವತ್ತು ಜನ ನುಗ್ಗಿ ಒಬ್ಬನೂ ಬೀಳಲಿಲ್ಲ. ಇದನ್ನು ನಾನು "ಅಪೂರ್ವ ತಂತ್ರಗಾರಿಕೆ" ಎಂದು ಕರೆದಿದ್ದೇನೆ. ದಂಡು ಬಂದಾಗ ಕಣಜದಲ್ಲಿ ಅಡಗುವವರು ಯಾರು? ಆಯುಧವಿಲ್ಲದವರು. ಹೆಂಗಸರು, ಮುದುಕರು, ಮಕ್ಕಳು.

ಹಾಗೆಂದು ಇದು ಸಾಬೀತಾಯಿತು ಎಂದಲ್ಲ. ಕೂಗಿದವಳು ಬೇಡರು ಎಂದೇ ಅಂದಿರಬಹುದು, ಜರ್ಮನ್ ಕಿವಿಗೆ ಅರ್ಧ ಮಾತ್ರ ಬಿದ್ದಿರಬಹುದು.

ಆದರೆ ಕಲ್ಲಿನಲ್ಲಿ "ರು" ಇಲ್ಲ. ಹಿಂದಿನ ವಾರ ಈ ದಿನಚರಿಯಲ್ಲಿ ಬರೆಯುವಾಗಲೂ ಆ "ರು" ಸೇರಿಸಿದವನು ನಾನೇ. ಮೈಸೂರಿನವನು ನಾನು, ಕನ್ನಡದಲ್ಲಿ ಮೊದಲು ಕಲಿತ ನಾಲ್ಕು ಮಾತುಗಳಲ್ಲಿ ಬೇಡ ಎಂಬುದೂ ಒಂದು. ಊಟ ಬೇಕಾ, ಬೇಡ. ಅದನ್ನು ಇಪ್ಪತ್ತು ವರ್ಷ ಇಂಗ್ಲಿಷಿನಲ್ಲಿ ಓದಿದೆ.

ಸೆಪ್ಟೆಂಬರ್ 24, ಮಂಗಳವಾರ

ರೋಜರ್ ಜೊತೆ ಚರ್ಚಿನ ಹಾಲಿನಲ್ಲಿ ಕೂತು ಮಾತಾಡಿದೆ. ಫಲಕದ ಬರಹದಲ್ಲಿ ಒಂದು ವಾಕ್ಯ ತಿದ್ದಬೇಕು ಎಂದೆ. ಆ ಹೆಂಗಸು ಎಚ್ಚರಿಸಿದ್ದಲ್ಲ, ಬೇಡಿಕೊಂಡದ್ದು ಎಂದು ಬರೆಯಬೇಕು, ಕೊನೆಗೆ ಹಾಗಿರಬಹುದು ಎಂದಾದರೂ.

ರೋಜರ್ ಸಾವಧಾನವಾಗಿ ಕೇಳಿಕೊಂಡರು. ಆಮೇಲೆ ಚಹಾದ ಕಪ್ಪನ್ನು ತಟ್ಟೆಯ ಮೇಲೆ ನೆಟ್ಟಗೆ ಕೂರಿಸಿ ಕೇಳಿದರು, "ಯೂಡೇ, ಇದಕ್ಕೆ ಆಧಾರ?"

"ಭಾಷೆ."

"ನಿಮ್ಮ ಮನೆಯವರು ಹೇಳಿದರು ಎಂದಿರಿ ಅಲ್ಲವೇ?"

"ಅದು ಎರಡು ಕೋಟಿ ಹೆಂಗಸರ ಮನೆಮಾತು, ರೋಜರ್. ಅವರಲ್ಲಿ ಯಾರನ್ನು ಬೇಕಾದರೂ ಕೇಳಿ."

"ಆದರೆ ಬೇಡರ ಪಡೆ ಇದ್ದದ್ದು ನಿಜವಲ್ಲವೇ?"

"ನಿಜ."

"ಅದು ಬೇಡರೇ ಎಂದು ಇಡೀ ಅಧ್ಯಾಯ ಬರೆದು ಸಾಧಿಸಿದವರು ನೀವು. ನಾವು ನಿಮ್ಮನ್ನು ನಂಬಿದೆವು. ಈಗ ನಿಮ್ಮ ಮಾತನ್ನು ನಂಬಿ ನಿಮ್ಮ ಪುಸ್ತಕವನ್ನು ಸುಳ್ಳು ಮಾಡಬೇಕೇ?"

ನನ್ನ ಕತ್ತಿಯಿಂದ ನನ್ನನ್ನೇ ಇರಿದರು. ಅದೂ ನಗುನಗುತ್ತಾ, ಬಿಸ್ಕತ್ತಿನ ತಟ್ಟೆ ಮುಂದೆ ಸರಿಸುತ್ತಾ. ಜರ್ಮನಿಯಿಂದ ಅರಸುಮನೆಯ ಅಭಿಮಾನಿಗಳ ಸಂಘ ಹಣ ಕೊಟ್ಟಿದೆ, ಒಪ್ಪಿಗೆಯಾದ ಬರಹ ಬದಲಾಯಿಸುವಂತಿಲ್ಲ ಎಂದರು.

ಬಸ್ಸಿನಲ್ಲಿ ಕೂತ ಮೇಲೆ ಹೊಳೆದ ಉತ್ತರಗಳನ್ನು ಬರೆದರೆ ಈ ಪುಟ ಸಾಲದು. ಹೌದಪ್ಪ, ನನ್ನ ಪುಸ್ತಕ ಸುಳ್ಳು. ಅದನ್ನು ಹೇಳಲು ನನಗಿಂತ ಅರ್ಹರು ಯಾರಿದ್ದಾರೆ?

ಅಕ್ಟೋಬರ್ 2, ಬುಧವಾರ

ಒಳ್ಳೆಯ ಸುದ್ದಿ. ರೋಜರ್ ಈಮೇಲ್ ಕಳಿಸಿದ್ದಾರೆ. ಸಮಿತಿಯವರು ನನ್ನ ಕಳವಳವನ್ನು ಗೌರವಿಸಿ, ಉಸ್ಸಳ್ಳಿಯ ವಾಕ್ಯವನ್ನು ಫಲಕದಿಂದ ಪೂರ್ತಿ ತೆಗೆಯಲು ಒಪ್ಪಿದ್ದಾರೆ. ಪುಸ್ತಕದಿಂದಲೂ ಆ ಅಧ್ಯಾಯ ತೆಗೆದರೆ ಸರಿಹೋಗುತ್ತದೆ. ಯಾರಿಗೂ ನೋವಿಲ್ಲ. ಒಪ್ಪಿಗೆ ಎಂದು ಬರೆದೆ.

ಕಲ್ಯಾಣಿಗೆ ಹೇಳಿದೆ. "ಹೌದಾ?" ಎಂದಳಷ್ಟೆ. ಬಟ್ಟೆ ಇಸ್ತ್ರಿ ಮಾಡುತ್ತಲೇ ಇದ್ದಳು. ಅವಳು ಏನೂ ಅನ್ನದಿದ್ದುದರಿಂದ ನನಗೇನೂ ಆಗಿಲ್ಲ. ಸಮಾಧಾನವಾಗಿದೆ.

ಅಕ್ಟೋಬರ್ 4, ಶುಕ್ರವಾರ

ಸಮಾಧಾನವಂತೆ!

ನಿನ್ನೆ ಮತ್ತೆ ಚರ್ಚಿಗೆ ಹೋಗಿದ್ದೆ. ಅಲ್ಲಿ ಗಂಡ ಹೆಂಡತಿ ಇಬ್ಬರು, ಮಗುವನ್ನು ಹೆಗಲ ಮೇಲೆ ಕೂರಿಸಿಕೊಂಡು ಸ್ಮಾರಕ ನೋಡುತ್ತಿದ್ದರು. ಕಲ್ಲಿನ ಅಕ್ಷರ ಓದಲು ಸ್ವಲ್ಪ ಹೊತ್ತು ಕತ್ತು ಎತ್ತಿ ನೋಡಿ ಬಿಟ್ಟುಬಿಟ್ಟರು. ಇನ್ನು ಹದಿನೈದು ದಿನಕ್ಕೆ ಕೆಳಗೆ ಫಲಕ ಬರುತ್ತದೆ. ಎಲ್ಲರೂ ಅದನ್ನೇ ಓದುತ್ತಾರೆ, ಮೇಲೆ ನೋಡುವುದನ್ನೂ ಬಿಡುತ್ತಾರೆ. ಅದರಲ್ಲಿ ಪ್ರಿನ್ಸ್ ಕುದುರೆ ಸವಾರಿ ಕಲಿಸಿದ್ದು ಇರುತ್ತದೆ. ಕಳೆದುಕೊಂಡ ಎರಡು ಬೆರಳೂ ಇರುತ್ತವೆ. ಆಕೆ ಇರುವುದಿಲ್ಲ.

ಆಕೆಯ ಹೆಸರು ಯಾರಿಗೂ ಗೊತ್ತಿಲ್ಲ. ಊರೂ ಗೊತ್ತಿಲ್ಲ. ಉಸ್ಸಳ್ಳಿ ಎಂದರೆ ಹೊಸಹಳ್ಳಿ ಇರಬೇಕು, ಮೈಸೂರು ಸೀಮೆಯಲ್ಲಿ ಕೂಗಳತೆಗೊಂದು ಹೊಸಹಳ್ಳಿ. ಕಣಜದೊಳಗಿದ್ದವರು ಆಕೆಯ ಮಕ್ಕಳೋ, ಅತ್ತೆ ಮಾವನೋ, ಅದೂ ಗೊತ್ತಿಲ್ಲ. ಇಡೀ ಜಗತ್ತಿನಲ್ಲಿ ಆಕೆಯದೆಂದು ಉಳಿದಿರುವುದು ಬಾಯಿಂದ ಬಂದ ಒಂದೇ ಒಂದು ಮಾತು, ಅದೂ ಕೊಂದವನ ಗೋರಿಯ ಮೇಲೆ, ಅವನ ಹೊಗಳಿಕೆಯ ನಡುವೆ. ಅದನ್ನೂ ಅಳಿಸಲು ಒಪ್ಪಿ ಈಮೇಲ್ ಕಳಿಸಿದ್ದು ಯಾರು? ಆಕೆಯ ನುಡಿ ಆಡುವ, ಆಕೆಯ ಸೀಮೆಯ ಡಾಕ್ಟರು.

ಇಲ್ಲ. ಆಗುವುದಿಲ್ಲ.

ಈಗಷ್ಟೇ ಬರೆದು ಕಳಿಸಿದೆ. ಒಪ್ಪಿಗೆ ವಾಪಸು. ಆ ಮಾತು ಅದರ ಅರ್ಥದೊಂದಿಗೆ ಫಲಕದಲ್ಲಿ ಇರಬೇಕು. ಇಲ್ಲದಿದ್ದರೆ ನನ್ನ ಹೆಸರು ಅಲ್ಲಿ ಇರಕೂಡದು. ಕಳಿಸುವ ಮೊದಲು ಕಲ್ಯಾಣಿಗೆ ಓದಿ ತೋರಿಸಿದೆ.

"ಸ್ಪೆಲ್ಲಿಂಗ್ ಎರಡು ಕಡೆ ತಪ್ಪದ ನೋಡ್ರಿ," ಎಂದಳು. ತಿದ್ದಿದೆ. ರಾತ್ರಿ ಊಟಕ್ಕೆ ಕೇಳದೆಯೇ ಜೋಳದ ರೊಟ್ಟಿ ಬಡಿದಳು.

ಅಕ್ಟೋಬರ್ 12, ಶನಿವಾರ

ವಿಜಯದಶಮಿ. ಹೌನ್ಸ್ಲೋದಲ್ಲಿ ಬಾಡಿಗೆ ಹಾಲ್ ಹಿಡಿದು ನಮ್ಮವರೆಲ್ಲ ಸೇರಿದ್ದೆವು. ಕಲ್ಯಾಣಿಯ ಕಡೆಯವರು ಊರಿನಿಂದ ತರಿಸಿದ ಒಣಗಿದ ಬನ್ನಿ ಎಲೆಗಳನ್ನು ಪೊಟ್ಟಣ ಕಟ್ಟಿ ತಂದಿದ್ದರು. "ಬನ್ನಿ ತಗೊಂಡು ಬಂಗಾರದಂಗ ಇರೋಣ್ರಿ" ಎನ್ನುತ್ತಾ ಎಲ್ಲರ ಕೈಗೂ ಹಾಕುತ್ತಿದ್ದರು. ಮೈಸೂರು ಕಡೆಯವನಾದ ನನಗೆ ಈ ಶಾಸ್ತ್ರ ಮದುವೆಯಾದ ಮೇಲೆ ಬಂದದ್ದು.

ಗೋಪೀನಾಥ ಎಲೆ ಕೊಟ್ಟು, ಕೈ ಬಿಡದೆ, ಮೂಲೆಗೆ ಎಳೆದುಕೊಂಡು ಹೋದರು. ಬೆಂಗಳೂರಿನವರು, ಫೆಲ್ಥಮ್‌ನಲ್ಲಿ ಜಿಪಿ ಡಾಕ್ಟರ್ ಆಗಿದ್ದವರು, ಆ ಇತಿಹಾಸ ಸಂಘಕ್ಕೂ ಸದಸ್ಯರು. ಸುದ್ದಿ ಮುಟ್ಟಿದೆ.

"ಉದಯ್, ಏನ್ರೀ ಇದು ಹೊಸ ರಾಮಾಯಣ? ಇನ್ನೂರು ವರ್ಷದ ಹಿಂದಿನ್ ಮ್ಯಾಟರ್ ಅದು. ನಿಮ್ ಪುಸ್ತಕ ಬರತ್ತೆ, ಫೋಟೋ ಬರತ್ತೆ, ನಮ್ಮೋರಿಗೆಲ್ಲ ಒಂದು ಹೆಮ್ಮೆ. ಮಲಗಿರೋರನ್ನ ಯಾಕೆ ಎಬ್ಬಿಸ್ತೀರಿ?"

"ಯಾರು ಮಲಗಿದಾರೆ ಗೋಪಿ? ಅವರು ಗೋಡೆ ಮೇಲೆ ಕೂಗ್ತಾನೇ ಇದಾರೆ."

"ನೀವೊಬ್ರೇ ಕೇಳಿಸ್ಕೊಂಡ್ರೆ ಏನಾಗತ್ತೆ?"

"ಅದನ್ನೇ ನೋಡೋಣ ಅಂತ."

ಅವರು ತಲೆಯಾಡಿಸಿಕೊಂಡು ಹೋಳಿಗೆಯ ಕಡೆ ಹೋದರು. ನನಗೆ ಮಾತ್ರ ಹತ್ತು ವರ್ಷ ಚಿಕ್ಕವನಾದಂತೆ ಅನಿಸಿತು. ಕೈಯಲ್ಲಿ ಪುಡಿಯಾಗಿದ್ದ ಬನ್ನಿಯನ್ನು ಜೇಬಿಗೆ ಹಾಕಿಕೊಂಡು ನಾನೂ ಹೋಳಿಗೆಗೆ ಹೋದೆ.

ಅಕ್ಟೋಬರ್ 15, ಮಂಗಳವಾರ

ಉತ್ತರ ಬಂತು. ಬಹಳ ಸಭ್ಯ ಇಂಗ್ಲಿಷ್. ಫಲಕದಲ್ಲಿ ಆ ವಾಕ್ಯವಿರುವುದಿಲ್ಲ. ನನ್ನ ಇಚ್ಛೆಯಂತೆ ನನ್ನ ಹೆಸರನ್ನೂ ತೆಗೆದಿದ್ದಾರೆ. ಪುಸ್ತಕವನ್ನು "ಸದ್ಯಕ್ಕೆ" ನಿಲ್ಲಿಸಿದ್ದಾರೆ. ಶನಿವಾರ ಕಲ್ಲಿನ ಬರಹವನ್ನು ಎಂದಿನಂತೆ ರೋಜರ್ ಓದುತ್ತಾರೆ. ನಾನು ಮುಂದಿನ ಸಾಲಿನಲ್ಲಿ ಅತಿಥಿಯಾಗಿ ಬಂದು ಕೂತರೆ ಅವರಿಗೆ ಸಂತೋಷ.

ಬರುತ್ತೇನೆ ಎಂದು ಬರೆದೆ. ಅವರು ಬರಬೇಡಿ ಎಂದಿದ್ದರೂ ಹೋಗುತ್ತಿದ್ದೆ.

ಹಬ್ಬದ ಜಗಳದ ನಂತರ ಮೊದಲ ಸಲ ಗಾರ್ಗಿ ಫೋನ್ ಮಾಡಿದ್ದಳು. ಅಮ್ಮನಿಂದ ಎಲ್ಲ ಕೇಳಿದ್ದಾಳೆ. "ಅಪ್ಪಾ, ಶನಿವಾರ ನಾನೂ ಬರ್ತೀನಿ. ನೀವಿಬ್ಬರೇ ಹೋಗಬೇಡಿ," ಎಂದಳು. ಫೆಲ್ಥಮ್‌ಗೆ ಯಾವ ಟ್ರೈನು ಹಿಡಿಯಬೇಕೆಂದು ಹೇಳಿದೆ. ಸ್ವೆಟರ್ ಹಾಕಿಕೊಂಡು ಬಾ, ಆ ಚರ್ಚಿನೊಳಗೆ ಚಳಿ ಎಂದೂ ಹೇಳಿದೆ.

ಅಕ್ಟೋಬರ್ 19, ಶನಿವಾರ

ಮನೆಗೆ ಬಂದು ಕೋಟು ಕೂಡ ತೆಗೆಯದೆ ಬರೆಯುತ್ತಿದ್ದೇನೆ.

ಚರ್ಚು ಮುಕ್ಕಾಲು ತುಂಬಿತ್ತು. ಮುಂದೆ ಜರ್ಮನಿಯಿಂದ ಬಂದ ನಾಲ್ಕೈದು ಮಂದಿ, ಕೌನ್ಸಿಲಿನವರು, ಸಂಘದವರು. ಗೋಪೀನಾಥರೂ ಟೈ ಕಟ್ಟಿಕೊಂಡು ಬಂದಿದ್ದರು. ನಾನು, ಕಲ್ಯಾಣಿ, ಗಾರ್ಗಿ ಒಂದೇ ಬೆಂಚಿನಲ್ಲಿ ಕೂತೆವು. ನನ್ನ ಜೇಬಿನಲ್ಲಿ ಒಂದು ಹಾಳೆ ಇತ್ತು. ಸಮಯ ಸಿಕ್ಕಿದರೆ ಎದ್ದು ನಿಂತು ಹೇಳಬೇಕೆಂದು, ಆ ಪದದ ಅರ್ಥ, ವ್ಯಾಕರಣ, ಆ ಕಣಜದ ಲೆಕ್ಕಾಚಾರ ಎಲ್ಲವನ್ನೂ ಒಳ್ಳೆಯ ಇಂಗ್ಲಿಷಿನಲ್ಲಿ ಬರೆದುಕೊಂಡಿದ್ದೆ.

ಫಲಕದ ಪರದೆ ಸರಿಸಿದರು. ಚಪ್ಪಾಳೆ. ಆಮೇಲೆ ರೋಜರ್ ಕಲ್ಲಿನ ಕೆಳಗೆ ನಿಂತು ಓದಲು ತೊಡಗಿದರು. ಹುಟ್ಟು, ವಂಶ, ಮದರಾಸಿನ ಹಡಗು. ಚೆನ್ನಾಗಿಯೇ ಓದುತ್ತಾರೆ, ಪಾಠ ಹೇಳಿದ ಗಂಟಲು. ಉಸ್ಸಳ್ಳಿ ಬಂತು. "ಬೀಡಾ! ಬೀಡಾ!" ಎಂದರು.

ನಾನು ಎದ್ದು ನಿಂತೆ. ಭಾಷಣ ಎಲ್ಲಿ ಶುರುವಾಗುತ್ತದೋ ಎಂದು ಅವರ ಮುಖದಲ್ಲಿ ಭಯ ಕಾಣಿಸಿತು. ನನ್ನ ಬಾಯಿಂದ ಬಂದದ್ದು ಬೇರೆಯೇ ಮಾತು.

"ರೋಜರ್, ಆ ಪದದ ಉಚ್ಚಾರ ತಪ್ಪಾಯಿತು."

ಈ ದೇಶದಲ್ಲಿ ಉಚ್ಚಾರ ತಿದ್ದಿದರೆ ಯಾರೂ ಸಿಟ್ಟಾಗುವಂತಿಲ್ಲ. ಅವರಿಗೆ ಎಷ್ಟು ಹಗುರವಾಯಿತೆಂದರೆ ನಕ್ಕೇಬಿಟ್ಟರು. ಹಿಂದಿನಿಂದ ಒಂದಿಬ್ಬರೂ ಪ್ರೀತಿಯಿಂದ ನಕ್ಕರು. "ಕ್ಷಮಿಸಿ ಯೂಡೇ. ಹೇಗೆ ಹೇಳಬೇಕು, ಕಲಿಸಿಕೊಡಿ," ಎಂದರು.

"ಉದಯ," ಎಂದೆ ಮೊದಲು. ಯಾಕೆ ಅಂದೆನೋ ಗೊತ್ತಿಲ್ಲ. ಆಮೇಲೆ, "ಬೇಡ."

"ಬೇ-ಡಾ," ಎಂದರು ರೋಜರ್, ಒಳ್ಳೆಯ ವಿದ್ಯಾರ್ಥಿಯಂತೆ.

"ಬೇಡ," ಎಂದೆ ಮತ್ತೆ. ನನ್ನ ಬಾಯಲ್ಲೂ ಅದು ಪಾಠದ ಪುಸ್ತಕದ ಪದದ ಹಾಗೇ ಕೇಳಿಸಿತು. ಇದಲ್ಲ, ಇದಲ್ಲ ಎನಿಸುತ್ತಿತ್ತು, ಆದರೆ ಹೇಗೆಂದು ತಿಳಿಯದೆ ನಿಂತಿದ್ದೆ.

ಪಕ್ಕದಲ್ಲಿ ಕಲ್ಯಾಣಿ ಎದ್ದಳು. ಈ ಊರಿನಲ್ಲಿ ಇಷ್ಟು ವರ್ಷ ಬಸ್ಸಿನಲ್ಲಿ ಕೂಡ ಗಟ್ಟಿಯಾಗಿ ಮಾತಾಡಿದವಳಲ್ಲ ಅವಳು. ಎರಡೂ ಕೈ ಮುಂದೆ ಚಾಚಿ, ಆ ಕಲ್ಲಿನ ಕಡೆಗೆ, ಇಡೀ ಗಂಟಲಿನಿಂದ ಕೂಗಿದಳು.

"ಬ್ಯಾಡ್ರೋ! ಯಪ್ಪಾ, ಬ್ಯಾಡ್ರೋ! ಬ್ಯಾಡಾ!"

ಮೇಲಿನ ಕಮಾನಿಗೆ ಹೋಗಿ ತಗುಲಿ ಬಂತು ಅದು. ಗಾರ್ಗಿ ಅಮ್ಮನ ಸೆರಗು ಹಿಡಿದುಕೊಂಡಳು. ಗೋಪೀನಾಥರು ತಲೆ ತಗ್ಗಿಸಿ ಎರಡೂ ಕೈಯಿಂದ ಮುಖ ಮುಚ್ಚಿಕೊಂಡಿದ್ದರು. ಜರ್ಮನಿಯ ಮುದುಕಿಯೊಬ್ಬರು ಬೆಂಚಿನ ಅಂಚು ಹಿಡಿದು ಅರ್ಧ ಎದ್ದು ನಿಂತಿದ್ದರು, ಯಾರನ್ನೋ ತಡೆಯಲು ಹೊರಟವರ ಹಾಗೆ.

ಅರ್ಥ ಏನೆಂದು ಯಾರೂ ಕೇಳಲಿಲ್ಲ. ನನ್ನ ಜೇಬಿನ ಹಾಳೆ ಜೇಬಿನಲ್ಲೇ ಉಳಿಯಿತು.

ಕಲ್ಯಾಣಿ ಕೂತಳು. ನಾನು ಕೂರಲಿಲ್ಲ. "ಮುಂದಿನ ಸಾಲು ಓದಿ, ರೋಜರ್," ಎಂದೆ.

ಅವರು ಕಲ್ಲಿನ ಕಡೆ ನೋಡಿದರು. ಪ್ರತಿವರ್ಷ ಓದಿದ ಸಾಲು, ಬಾಯಿಪಾಠ. ಶುರು ಮಾಡಿ ನಿಲ್ಲಿಸಿದರು. ಮತ್ತೆ ಶುರು ಮಾಡಿದರು. ಓದಿದರು, ರೋಜರ್ ಬಗ್ಗೆ ಅಷ್ಟು ಹೇಳಲೇಬೇಕು, ಆ ಸಾಲನ್ನು ಪೂರ್ತಿ ಓದಿದರು. ಕಣಜದಲ್ಲಿದ್ದವರ ಮೇಲೆರಗಿ ಒಬ್ಬರನ್ನೂ ಉಳಿಸದೆ ಕತ್ತಿಗೆ ಕೊಟ್ಟನು. ತಾನು ಒಬ್ಬನನ್ನೂ ಕಳೆದುಕೊಳ್ಳಲಿಲ್ಲ. ಅಷ್ಟು ಸಣ್ಣ ದನಿಯಲ್ಲಿ ಅವರು ಓದಿದ್ದನ್ನು ನಾನು ಹಿಂದೆಂದೂ ಕೇಳಿಲ್ಲ. ಕೊನೆಯ ಬೆಂಚಿನವರೆಗೂ ಕೇಳಿಸಿತು.

ಫ್ಲಾಂಡರ್ಸ್ ಮತ್ತು ಅದರಾಚೆಯದನ್ನು ಯಾರೂ ಓದಲಿಲ್ಲ. ಅವನ ಬೆರಳು ಅವನಿಗಿರಲಿ.

ಓದಾದ ಮೇಲೆ ಹೂವಿನ ಚಕ್ರ ಇಡುವುದು ಕ್ರಮ. ಬಿಳಿಯ ಲಿಲ್ಲಿ, ನೇರಳೆ ರಿಬ್ಬನ್ನು. ಯಾರೋ ತಂದು ರೋಜರ್ ಕೈಗೆ ಕೊಟ್ಟರು. ಅವರು ಅದನ್ನು ಹಿಡಿದು ಕಲ್ಲಿನ ಕಡೆಗೆ ಒಂದು ಹೆಜ್ಜೆ ಇಟ್ಟು ನಿಂತುಬಿಟ್ಟರು. ತಿರುಗಿ ನನ್ನನ್ನು ನೋಡಿದರು, ಕಲ್ಯಾಣಿಯನ್ನು ನೋಡಿದರು. ನಾವು ಮೂವರು ಬೆಂಚು ಬಿಟ್ಟು ಬಾಗಿಲ ಹತ್ತಿರ ಬಂದು ಹಿಂತಿರುಗಿ ನೋಡಿದಾಗಲೂ ಅವರು ಹಾಗೇ ನಿಂತಿದ್ದರು, ಆ ಹೂವನ್ನು ಯಾರಿಗೆ ಇಡಬೇಕೆಂದು ತಿಳಿಯದೆ.